ಇಲ್ಲದ ಹಕ್ಕಿಯ ಚಿಂತೆ

ಸಿರುಗುಪ್ಪ, 2018

ಪುಟ್ಟಿ,

ನಿನ್ನ ಪತ್ರ ಬಂತು. ರೂಮು, ಊಟ, ಕಡಪದ ಬಿಸಿಲು, ಅದೆಲ್ಲ ಇರಲಿ. ಕೊನೆಯಲ್ಲಿ "ಮಾಮ, ನಾನು ಹುಡುಕ್ತಿರೋ ಹಕ್ಕಿ ಈಗ ಇಲ್ಲವೇ ಇಲ್ಲ ಅಂದ್ರೆ?" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ನನಗೂ ಕಳವಳ.

ನೀನು ಹುಡುಕುತ್ತಿರುವ ಆ ರಾತ್ರಿ ಹಕ್ಕಿ, ಕಲಿವಿ ಕೋಡಿಯ (ಇಂಗ್ಲಿಷಿನಲ್ಲಿ ಜರ್ಡನ್ಸ್ ಕೋರ್ಸರ್) ವಿಷಯ ನಿನಗೆ ನಾನೇನು ಹೇಳಲಿ! ಆದರೂ 1986 ನೆನಪಾಗುತ್ತದೆ. 1900ರ ಮೇಲೆ ಯಾರಿಗೂ ಕಾಣದೆ, ವಂಶವೇ ಹೋಯಿತು ಅಂದುಕೊಂಡಿದ್ದರು. ನಿಮ್ಮ ಕಡಪದ ರೆಡ್ಡಿಪಲ್ಲಿ ಹತ್ತಿರ, ಹಕ್ಕಿ ಹಿಡಿಯುವ ಐತಣ್ಣ ರಾತ್ರಿ ಟಾರ್ಚ್ ಹಿಡಿದು ಹೋಗಿ ಒಂದನ್ನು ಜೀವಂತ ಹಿಡಿದು ತಂದ. ಪಾಪ, ಅದು ಬಹಳ ದಿನ ಬದುಕಲಿಲ್ಲ. ಅಷ್ಟೂ ವರ್ಷ ಅಲ್ಲೇ ಕುರುಚಲು ಕಾಡಿನಲ್ಲಿ ಕತ್ತಲಾದ ಮೇಲೆ ಓಡಾಡಿಕೊಂಡಿತ್ತು, ಅಲ್ವಾ?

ಹಾಗಂತ ಈಗಲೂ ಇದ್ದೇ ಇರುತ್ತದೆ ಅಂತ ಸುಮ್ನೆ ಧೈರ್ಯ ಹೇಳಲಾರೆ. ಕೆಲವು ವರ್ಷಗಳಿಂದ ಯಾರಿಗೂ ಕಂಡಿಲ್ಲ. ಪೊದೆ ಕಡಿದಿದ್ದಾರೆ, ಕಾಲುವೆ ತೋಡಿದ್ದಾರೆ. ನಿನ್ನ ಭಯ ಸುಳ್ಳಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಎರೆಹೊಲದಲ್ಲೂ ಎರೆಭೂತ ಅನ್ನೋ ದೊಡ್ಡ ಬಯಲು ಹಕ್ಕಿಗಳು ಬರುತ್ತಿದ್ದವು. ಆಗ ನನ್ನ ಎದೆಯೆತ್ತರ ಇರುತ್ತಿದ್ದವು. ಎತ್ತಿನ ಗಾಡಿ ಹೋದರೆ ಕತ್ತು ನೆಟ್ಟಗೆ ಮಾಡಿ ನೋಡಿ, ಮತ್ತೆ ಮಿಡತೆ ಹೆಕ್ಕುತ್ತಿದ್ದವು. ನೌಕರಿ ಅಂತ ನಾನು ಊರು ಬಿಟ್ಟೆ. ತಿರುಗಿ ಬಂದಾಗ ಆ ಹೊಲವೆಲ್ಲ ಭತ್ತದ ಗದ್ದೆ. ಕೊನೆಗೆ ಕಂಡಿದ್ದು ಯಾವ ವರ್ಷ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇದ್ದಾಗ ಯಾರೂ ಬರೆದಿಡಲಿಲ್ಲ, ಹೋದಾಗಲೂ ಬರೆದಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹೆಜ್ಜೆ ಗುರುತಿಗೆ ಹರಡಿದ ಮಣ್ಣಿನ ಪಟ್ಟಿಯ ಮೇಲೆ ಬೆಳಗ್ಗೆ ಬರೀ ಮೊಲ, ಟಿಟ್ಟಿಭದ ಗುರುತು ಅಂತ ಬೇಜಾರು ಮಾಡಿಕೊಂಡಿದ್ದೀಯ. ಅದನ್ನೇ ಬರೆದಿಡು ಮಗಳೇ. ಯಾವ ಪೊದೆ, ಯಾವ ರಾತ್ರಿ, ಏನೂ ಇರಲಿಲ್ಲ ಅಂತ. ಹಕ್ಕಿ ಇಲ್ಲ ಅಂತಾದರೂ ಆ ಲೆಕ್ಕ ಯಾರಾದರೂ ಇಡಬೇಕಲ್ಲ?

ನಿನ್ನ ಕೆಲಸ ನಿನಗೇ ಜಾಸ್ತಿ ಗೊತ್ತು, ಆದರೂ ಒಂದು ಮಾತು. ಕುರಿ ಕಾಯುವವರಿಗೆ ಮೊದಲೇ ಫೋಟೊ ತೋರಿಸಬೇಡ. ನಿನಗೆ ಖುಷಿಯಾಗಲಿ ಅಂತ ಹೌದು ಅಂದುಬಿಡುತ್ತಾರೆ. ಅವರೇ ಹೇಳಲಿ, ಬಣ್ಣ, ಕೂಗು, ಎಲ್ಲಿ, ಯಾವಾಗ ಅಂತ. ರಾತ್ರಿ ಚಪ್ಪಲಿಯಲ್ಲಿ ತಿರುಗಬೇಡ, ಹಾವು ಇರುತ್ತವೆ.

ಇನ್ನೊಂದು ವರ್ಷ ಇರಬೇಕು ಅನ್ನಿಸಿದರೆ ಇರು. ಸಾಕು ಅನ್ನಿಸಿದರೆ ಬಾ. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ನಿನ್ನ ಮಾಮ