ಜೊತೆಗಿದ್ದವರಿಗೆಲ್ಲ, ಆ ಗದ್ದಲದ ಆಲ್ಬಮ್‌ಗೂ

ಕಳೆದ ವಾರ ಇಟಲಿಯ ಪಾದೋವಾ ವಿಶ್ವವಿದ್ಯಾಲಯದಲ್ಲಿ ನನ್ನ ಎಂ.ಎಸ್ಸಿ. ಮುಗಿಯಿತು. ಇಲ್ಲಿನ ರೂಢಿಯಂತೆ ಗೆಳೆಯರು ತಲೆಗೆ ಲಾರೆಲ್ ಎಲೆಯ ಕಿರೀಟ ತೊಡಿಸಿದರು. ದೊಡ್ಡ ಹಾಳೆಯಲ್ಲಿ ನನ್ನ ಕಥೆಯನ್ನೆಲ್ಲ ಪದ್ಯ ಮಾಡಿ ಬರೆದು, ಬೀದಿಯಲ್ಲಿ ನಿಲ್ಲಿಸಿ ನನ್ನಿಂದಲೇ ಜೋರಾಗಿ ಓದಿಸಿದರು. ಅಪ್ಪ, ಅವ್ವ ಧಾರವಾಡದಿಂದ ವಿಡಿಯೋ ಕಾಲ್‌ನಲ್ಲಿ ನೋಡಿದರು.

ಹೋದ ಚಳಿಗಾಲ ತುಂಬಾ ಕಷ್ಟದ್ದು. ಪಾರ್ಟ್‌ಟೈಮ್ ಕೆಲಸ ಹೋಯಿತು. ಅದೇ ಹೊತ್ತಿಗೆ ಅಪ್ಪನಿಗೆ ಹಾರ್ಟ್ ಆಪರೇಷನ್. ಊರಿಗೆ ಹೋಗೋಕೆ ರೊಕ್ಕ ಇರಲಿಲ್ಲ. ಬಾಡಿಗೆ ಕಟ್ಟಿದ್ದು ಅಕ್ಕ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಅಪ್ಪನ ಪಕ್ಕ ಕೂತಿದ್ದು ಕಾಕಾ. ಅಪ್ಪ ಈಗ ಕರ್ನಾಟಕ ಕಾಲೇಜು ಮೈದಾನದಲ್ಲಿ ದಿನಾ ವಾಕಿಂಗ್ ಮಾಡುತ್ತಾರೆ. ಅಕ್ಕಾ, ಕಾಕಾ, ನಿಮ್ಮ ಋಣ ದೊಡ್ಡದು.

ಆ ದಿನಗಳಲ್ಲಿ ರೂಮ್‌ಮೇಟ್ ನನ್ನ ಕೈಗೊಂದು ಸಿಡಿ ಕೊಟ್ಟ. ಪಾದೋವಾ ಇರುವ ಇದೇ ವೆನೆತೋ ಪ್ರಾಂತ್ಯದ ನಾಯ್ಸ್ ರಾಕ್ (ಗದ್ದಲವನ್ನೇ ಸಂಗೀತವಾಗಿಸುವ ರಾಕ್) ಬ್ಯಾಂಡ್ 'ಇಲ್ ತೆಯಾತ್ರೋ ದೆಲ್ಯಿ ಒರ್ರೋರಿ'ಯ ಎರಡನೇ ಆಲ್ಬಮ್, 'ಆ ಸಾಂಗ್ವೆ ಫ್ರೆದ್ದೋ'. 2009ರದ್ದು. ಗಿಟಾರು, ಬಾಸು, ಡ್ರಮ್ಮು ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಂತೆ ಶುರುವಾಗುತ್ತದೆ. ಅದರ ನಡುವೆ ಪಿಯೆರ್‌ಪಾವೊಲೋ ಕಪೋವಿಲ್ಲಾ ಅರ್ಧ ಹಾಡುತ್ತಾರೆ, ಅರ್ಧ ನಾಟಕದ ಮಾತಿನಂತೆ ಹೇಳುತ್ತಾರೆ. ಅಷ್ಟು ಗದ್ದಲದಲ್ಲೂ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ನನ್ನ ಅರೆಬರೆ ಇಟಾಲಿಯನ್‌ಗೂ ಅದು ದಕ್ಕಿತು.

ಆಲ್ಬಮ್ಮಿನ ಹೆಸರಿನದೇ ಹಾಡು ನೈಜೀರಿಯಾದ ಲೇಖಕ ಕೆನ್ ಸಾರೋ-ವೀವಾ ಅವರಿಗಾಗಿ ಬರೆದದ್ದು. ತೈಲ ತೆಗೆಯುವ ಭರದಲ್ಲಿ ಅಲ್ಲಿನ ಒಗೋನಿ ಸಮುದಾಯದ ಜನರ ನೆಲ, ನೀರು ಹಾಳಾಗುತ್ತಿದ್ದಾಗ ಎದ್ದು ನಿಂತವರು ಅವರು. 1995ರ ನವೆಂಬರ್ 10ರಂದು ಮಿಲಿಟರಿ ಸರ್ಕಾರ ಅವರನ್ನೂ ಎಂಟು ಮಂದಿ ಜೊತೆಗಾರರನ್ನೂ ಗಲ್ಲಿಗೇರಿಸಿತು. ಅದಾಗಿ 14 ವರ್ಷಕ್ಕೆ, ಸಾವಿರಾರು ಮೈಲಿ ದೂರದ ನಾಲ್ಕು ಜನ ಇಟಲಿಯವರು ಆ ಸಿಟ್ಟನ್ನು ಆರದಂತೆ ಹಾಡಿಟ್ಟಿದ್ದಾರೆ.

'ಎಲ್ಲ ಸರಿಹೋಗುತ್ತೆ' ಅಂತ ಆಗ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೂ ಆ ಮಾತು ಕೇಳಿದಷ್ಟೂ ನಾನು ಇನ್ನಷ್ಟು ಮುದುಡುತ್ತಿದ್ದೆ. ಈ ಆಲ್ಬಮ್ ಸಮಾಧಾನ ಹೇಳಲಿಲ್ಲ. ಸಿಟ್ಟಾಗು, ಆದರೆ ನಿನ್ನ ಮೇಲೆ ಯಾಕೆ ಅಂತ ಕೇಳಿದಂತಿತ್ತು. ಅದನ್ನು ಹಾಕಿಕೊಂಡೇ ನಾನು ಥೀಸಿಸ್‌ನ ಕೊನೆಯ ಅಧ್ಯಾಯ ಬರೆದೆ. ಸಾರೋ-ವೀವಾ ಅವರ ಪುಸ್ತಕ ಹುಡುಕಿ ಓದಿದ್ದೂ ಈ ಹಾಡಿನಿಂದಲೇ.

ಕಪೋವಿಲ್ಲಾ, ಜೊನಾತಾ ಮಿರಾಯಿ, ಜೂಲಿಯೋ ರಾಗ್ನೋ ಫವೇರೋ, ಫ್ರಾಂಚೆಸ್ಕೋ ವಲೆಂತೆ, ನಿಮಗೆ ನನ್ನ ನಮಸ್ಕಾರ. ಸಿಡಿ ಕೊಟ್ಟ ಗೆಳೆಯನಿಗೆ ಧನ್ಯವಾದ. ಅಷ್ಟು ಜೋರಾಗಿ ಹಾಕಿದರೂ ಒಮ್ಮೆಯೂ ಬೈಯದೆ, ಬಿಸಿಬಿಸಿ ಸೂಪ್ ತಂದುಕೊಡುತ್ತಿದ್ದ ಕೆಳಗಿನ ಮನೆಯ ಅಜ್ಜಿಗೆ ಇನ್ನೂ ಜಾಸ್ತಿ ಧನ್ಯವಾದ.