ಭಾನುವಾರದ ಓದು: ಈ ಸಲ ಮ್ಯಾನ್ಮಾರ್

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಜಯದೇವ ಸರ್ಕಲ್ ಹತ್ತಿರದ ಮಾಮೂಲಿ ಜಾಗದಲ್ಲೇ ಸೇರೋಣ.

2021ರ ಫೆಬ್ರವರಿ 1ರಂದು ಅಲ್ಲಿ ಸೇನೆ ಅಧಿಕಾರ ಹಿಡಿಯಿತು. ಅದೇ ತಿಂಗಳು ಅಲ್ಲಿಯ ದಂಡ ಸಂಹಿತೆಗೆ 505ಎ ಅನ್ನೋ ಕಲಂ ಸೇರಿಸಿದರು. ಅದರಡಿ ಸೇನೆಯ ವಿರುದ್ಧ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದರೂ 3 ವರ್ಷದವರೆಗೆ ಜೈಲಾಗಬಹುದು. ಅಂಥವರ ಪರ ನಿಂತ ವಕೀಲರನ್ನೂ ಹಿಡಿದರು. ಆಮೇಲಿನ ಕಾಳಗದಿಂದ ಊರು ಬಿಟ್ಟವರು 30 ಲಕ್ಷಕ್ಕೂ ಜಾಸ್ತಿ.

ಜೂನಿಯರ್‌ಗಳು 505ಎ ಓದಿ ಬನ್ನಿ, ಉದ್ದ ಇಲ್ಲ. ಸೀನಿಯರ್‌ಗಳು ವಕೀಲರ ಪಾತ್ರದ ಬಗ್ಗೆ ವಿಶ್ವಸಂಸ್ಥೆಯ 1990ರ ತತ್ವಗಳಲ್ಲಿ 18ನೆಯದನ್ನು ನೋಡಿಕೊಳ್ಳಿ: ಕಕ್ಷಿದಾರನ ಹಣೆಪಟ್ಟಿಯನ್ನು ವಕೀಲನಿಗೆ ಅಂಟಿಸಬಾರದು ಅನ್ನೋದು. ನಮ್ಮ ಕೋರ್ಟ್ ಕ್ಯಾಂಟೀನಲ್ಲೂ ಈ ಮಾತು ಬರುತ್ತೆ, ಅಲ್ವಾ?

ಎಲ್ಲಿಯದೋ ಗೊತ್ತಿಲ್ಲದ ವಿಡಿಯೋಗಳನ್ನು ಇಲ್ಲಿಗೆ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಬರುವವರು ಶುಕ್ರವಾರ ರಾತ್ರಿಯೊಳಗೆ 'ಬರ್ತೀನಿ' ಅಂತ ಹಾಕಿ. ಬೆಣ್ಣೆ ದೋಸೆಗೆ ಹೇಳಬೇಕು, ಹೋದ ಸಲ ಆರು ಜನಕ್ಕೆ ಸಾಲಲಿಲ್ಲ.