‘ನಿಮಗೆ ಬರಲ್ಲ’ ಎಂಬ ಬಾಯಿಮಾತು ಸಾಲದು, ಹಿಂಬರಹ ಕೊಡಿ

ಮಾನ್ಯ ಸಂಪಾದಕರೇ,

ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಅಂಚೆ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ವೃದ್ಧಾಪ್ಯ ವೇತನ, ವಿಧವಾ ವೇತನಗಳು ಮನಿಯಾರ್ಡರ್ ಮೂಲಕ ಬರುತ್ತಿದ್ದ ಕಾಲದಲ್ಲಿ ಆ ಹಣವನ್ನು ಮನೆಮನೆಗೆ ಒಯ್ದು, ಜಗಲಿಯ ಮೇಲೆ ಕುಳಿತು ಹೆಬ್ಬೆಟ್ಟು ಒತ್ತಿಸಿಕೊಂಡು, ಎಣಿಸಿ ಕೊಟ್ಟಿದ್ದೇನೆ. ಆ ಪರಿಚಯದಿಂದಾಗಿ ನಮ್ಮೂರಿನವರು ಇಂದಿಗೂ ಅರ್ಜಿ, ಪಡಿತರ ಚೀಟಿ, ಆಧಾರ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ತಮಗೆ ಯಾವ ನೆರವು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಯಾವ ಕಾಗದದಿಂದಲೂ ತಿಳಿದುಕೊಂಡವರಲ್ಲ. ಕಿಟಕಿಯ ಆಚೆ ಕುಳಿತವರು ‘ನಿಮಗೆ ಬರಲ್ಲ, ಹೋಗಿ’ ಎಂದದ್ದನ್ನೇ ಸರ್ಕಾರದ ಆದೇಶವೆಂದು ನಂಬಿ ಹಿಂದಿರುಗಿದವರು. ಈ ಪತ್ರ ಬರೆಯುತ್ತಿರುವುದು ಆ ಬಾಯಿಮಾತಿನ ಬಗ್ಗೆ, ಅದರ ಬದಲು ಕೊಡಬೇಕಾದ ಹಿಂಬರಹದ, ಅಂದರೆ ನಿರಾಕರಣೆಯ ಕಾರಣವನ್ನು ಬರೆದು ಕೊಡುವ ಉತ್ತರದ ಬಗ್ಗೆ.

ಇತ್ತೀಚೆಗೆ ನನ್ನ ಬಳಿ ಬಂದ ಒಂದು ವೃದ್ಧ ದಂಪತಿಯ ವಿಷಯವನ್ನೇ ತೆಗೆದುಕೊಳ್ಳಿ. ಗಂಡನಿಗೆ 68 ವರ್ಷ, ಹೆಂಡತಿಗೆ 63. ಎರಡು ಎಕರೆ ಖುಷ್ಕಿ ಜಮೀನಿದೆ. ಮಳೆ ಬಂದ ವರ್ಷ ರಾಗಿ, ಇಲ್ಲದ ವರ್ಷ ಬೀಳು. ಮಗ ಬೆಂಗಳೂರಿನಲ್ಲಿ ಬೇರೆಯವರ ಕಾರು ಓಡಿಸುತ್ತಾನೆ. ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಕಳೆದು ಊರಿಗೆ ಕಳಿಸುವಷ್ಟು ಅವನಲ್ಲಿ ಉಳಿಯುವುದಿಲ್ಲ. ಇವರು ಪಿಂಚಣಿ ಕೇಳಲು ಕಚೇರಿಯೊಂದಕ್ಕೆ ಹೋದಾಗ, ಪಡಿತರ ಚೀಟಿಯಲ್ಲಿ ಮಗನ ಹೆಸರನ್ನು ನೋಡಿದ ಸಿಬ್ಬಂದಿ, ‘ದುಡಿಯೋ ಮಗ ಇದ್ದಾನಲ್ಲ, ನಿಮಗೆ ಬರಲ್ಲ’ ಎಂದು ಹೇಳಿ ಕಳಿಸಿದ್ದಾರೆ. ಅರ್ಜಿ ತೆಗೆದುಕೊಳ್ಳಲಿಲ್ಲ. ಆದ್ದರಿಂದ ತಿರಸ್ಕರಿಸಿದ ದಾಖಲೆಯೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಇಬ್ಬರು ಅಂದು ಕಚೇರಿಗೆ ಬಂದೇ ಇಲ್ಲ.

2007ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ತುಂಬಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ವಲಯದ ಕಾರ್ಮಿಕರಿಗಾಗಿ ರೂಪಿಸಿದ್ದು. ಅದರಲ್ಲಿ ಲೆಕ್ಕಕ್ಕೆ ಬರುವುದು ಅರ್ಜಿದಾರರು ಮತ್ತು ಅವರ ಪತಿ ಅಥವಾ ಪತ್ನಿ, ಈ ಇಬ್ಬರ ಒಟ್ಟು ಆದಾಯ. ಮಗನಿದ್ದಾನೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕಿಟಕಿಯಿಂದಲೇ ಹಿಂದಕ್ಕೆ ಕಳಿಸುವಂತಿಲ್ಲ. ಮಕ್ಕಳು ಹೆತ್ತವರನ್ನು ನೋಡಿಕೊಳ್ಳಬೇಕೆಂಬುದು ನಿಜ. ಅದಕ್ಕೆಂದೇ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಸಲ್ಲಿಸುವ ದಾರಿಯೂ ಇದೆ. ಆದರೆ ಆ ಕರ್ತವ್ಯವನ್ನು ನೆಪ ಮಾಡಿ ಪಿಂಚಣಿಯ ಅರ್ಜಿಯನ್ನು ಮುಟ್ಟದೇ ಇರುವುದು ಸರಿಯಲ್ಲ. ಇನ್ನು 63 ವರ್ಷದ ಹೆಂಡತಿಗೆ ಸಂಧ್ಯಾ ಸುರಕ್ಷಾ ಅನ್ವಯಿಸುವುದಿಲ್ಲವಾದರೂ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ 60 ತುಂಬಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವಿದೆ. ಒಂದೇ ಮನೆಯ ಇಬ್ಬರಿಗೆ ಎರಡು ಬೇರೆ ಯೋಜನೆಗಳು, ಎರಡು ಬೇರೆ ವಯಸ್ಸಿನ ಮಿತಿಗಳು. ಇದನ್ನು ಅವರಿಗೆ ಬಿಡಿಸಿ ಹೇಳಲು ಐದು ನಿಮಿಷ ಸಾಕಾಗಿತ್ತು.

ಜನರಿಗೆ ಗೊಂದಲವಾಗಲು ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ‘ಬಡವರು’ ಎಂದು ಗುರುತಿಸುವ ಅಳತೆಗೋಲು ಒಂದಲ್ಲ. ಬಿಪಿಎಲ್ ಪಡಿತರ ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಜಮೀನಿನ ವಿಸ್ತೀರ್ಣ, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇವೂ ಪರಿಗಣನೆಗೆ ಬರುತ್ತವೆ. ಸಾಮಾಜಿಕ ಭದ್ರತೆಯ ಪಿಂಚಣಿಗಳಿಗೆ ಆದಾಯದ ಮಿತಿ 32,000 ರೂಪಾಯಿ. ಗೃಹಲಕ್ಷ್ಮಿಗೆ ಆದಾಯದ ಅಂಕಿಯೇ ಇಲ್ಲ. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆ ಅಥವಾ ಆಕೆಯ ಪತಿ ಆದಾಯ ತೆರಿಗೆಯನ್ನಾಗಲಿ ಜಿಎಸ್‌ಟಿಯನ್ನಾಗಲಿ ಕಟ್ಟುವವರಾಗಿರಬಾರದು ಅಷ್ಟೇ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ತುಂಬಿದವರೆಲ್ಲರಿಗೂ ಆಯುಷ್ಮಾನ್ ಭಾರತ್ ಅಡಿಯಲ್ಲಿ ಆರಂಭಿಸಿದ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆದಾಯವನ್ನು ಕೇಳುವಂತೆಯೇ ಇಲ್ಲ. ಹೀಗೆ ಒಂದರಲ್ಲಿ ಅನರ್ಹರಾದವರು ಇನ್ನೊಂದರಲ್ಲಿ ಪೂರ್ಣ ಅರ್ಹರಾಗಿರಬಹುದು. ಆದರೆ ಹಳ್ಳಿಗಳಲ್ಲಿ ‘ಕಾರ್ಡ್ ಇದ್ದರೆ ಎಲ್ಲಾ ಉಂಟು, ಇಲ್ಲದಿದ್ದರೆ ಏನೂ ಇಲ್ಲ’ ಎಂಬ ನಂಬಿಕೆ ಬೇರೂರಿದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ರದ್ದತಿಯ ಸುದ್ದಿ ಹಬ್ಬಿದಾಗ, ಪಿಂಚಣಿಯೂ ನಿಂತುಹೋಯಿತೆಂದು ಅಳುತ್ತಾ ನಮ್ಮ ಮನೆಗೆ ಬಂದ ಮುದುಕಿಯರಿದ್ದರು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಹಿಂದಿರುಗಿಸುವಂತೆ ಆಗ ಸರ್ಕಾರವೇ ಸೂಚಿಸಬೇಕಾಯಿತು. ಗೃಹಲಕ್ಷ್ಮಿ ಪಡೆಯುವವರಿಗೆ ಪಿಂಚಣಿ ಇಲ್ಲ ಎಂಬುದು ಇಂಥದೇ ಇನ್ನೊಂದು ತಪ್ಪು ತಿಳಿವಳಿಕೆ. ಎರಡನ್ನೂ ಪಡೆಯಬಹುದೆಂದು 2023ರಲ್ಲೇ ಸರ್ಕಾರ ಸ್ಪಷ್ಟಪಡಿಸಿದ್ದರೂ, ಅತ್ತೆಯ ವಿಧವಾ ವೇತನ ಎಲ್ಲಿ ನಿಂತೀತೋ ಎಂದು ಹೆದರಿ ಯಜಮಾನಿಯ ಹೆಸರನ್ನೇ ಬದಲಾಯಿಸಲು ಹೊರಟ ಕುಟುಂಬವನ್ನು ನಾನು ಬಲ್ಲೆ.

32,000 ರೂಪಾಯಿಯ ಮಿತಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ತಿಂಗಳಿಗೆ ಭಾಗಿಸಿದರೆ ಇದು 2,700 ರೂಪಾಯಿಯೂ ಆಗುವುದಿಲ್ಲ. 2025–26ನೇ ಸಾಲಿಗೆ ಉದ್ಯೋಗ ಖಾತರಿಯಡಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಗಂಡ ಹೆಂಡತಿ ಸೇರಿ ಆಗ ಖಾತರಿಯಿದ್ದ 100 ದಿನ ಕೆಲಸ ಮಾಡಿದರೆಂದಿಟ್ಟುಕೊಳ್ಳಿ, ಬರುವ ಕೂಲಿ 37,000 ರೂಪಾಯಿ. ಸರ್ಕಾರವೇ ಖಾತರಿ ಕೊಟ್ಟ ಕೆಲಸವನ್ನು, ಸರ್ಕಾರವೇ ನಿಗದಿ ಮಾಡಿದ ಕೂಲಿಗೆ, ಪೂರ್ತಿ ಮಾಡಿದ ದಂಪತಿ ಪಿಂಚಣಿಗೆ ಅನರ್ಹರಾಗುತ್ತಾರೆ. ಹೀಗಿರುವಾಗ ಗ್ರಾಮ ಆಡಳಿತ ಅಧಿಕಾರಿ ಮತ್ತು ರಾಜಸ್ವ ನಿರೀಕ್ಷಕರು ಆದಾಯ ಪ್ರಮಾಣಪತ್ರಕ್ಕೆ ವರದಿ ಬರೆಯುವಾಗ ನಿಜ ಬರೆದರೆ ಬಡವರಿಗೆ ಅನ್ಯಾಯ, ಅನುಕಂಪದಿಂದ ಕಡಿಮೆ ಬರೆದರೆ ದಾಖಲೆಗೆ ಅನ್ಯಾಯ. ಈ ಇಕ್ಕಟ್ಟಿನಲ್ಲಿ ಯಾರಿಗೆ ಎಷ್ಟು ಆದಾಯ ಬರೆಯಬೇಕೆಂಬುದು ಬರೆಯುವವರ ಮರ್ಜಿಗೆ ಬಿಟ್ಟ ವಿಷಯವಾಗುತ್ತದೆ, ಮರ್ಜಿ ಇದ್ದ ಕಡೆ ಮಧ್ಯವರ್ತಿ ಬಂದು ಸೇರುತ್ತಾನೆ. ಮಿತಿಯನ್ನು ಕನಿಷ್ಠಪಕ್ಷ ಉದ್ಯೋಗ ಖಾತರಿಯ ಕೂಲಿಗಿಂತ ಮೇಲಕ್ಕೆ ಏರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ವಿಧವೆಯರ ವಿಚಾರದಲ್ಲಿ ನಡೆಯುವ ತಪ್ಪು ಇನ್ನೂ ನೋವಿನದು. ಕೇಂದ್ರದ ವಿಧವಾ ಪಿಂಚಣಿ ಯೋಜನೆಗೆ 40 ವರ್ಷ ತುಂಬಿರಬೇಕು. ಆದರೆ ನಮ್ಮ ರಾಜ್ಯದಲ್ಲಿ 1984ರಿಂದಲೇ ಇರುವ ನಿರ್ಗತಿಕ ವಿಧವಾ ವೇತನಕ್ಕೆ 18 ವರ್ಷ ತುಂಬಿದ್ದರೆ ಸಾಕು. ನಮ್ಮ ಬೀದಿಯಲ್ಲೇ, ಗಾರೆ ಕೆಲಸದ ಗಂಡನನ್ನು ಕಳೆದುಕೊಂಡ 34 ವರ್ಷದ ಹೆಣ್ಣುಮಗಳಿಗೆ ‘ನಿಮಗಿನ್ನೂ 40 ಆಗಿಲ್ಲ’ ಎಂದು ಯಾರೋ ಹೇಳಿದರಂತೆ. ಆಕೆ ಎರಡು ವರ್ಷ ಸುಮ್ಮನಿದ್ದಳು. ತಿಂಗಳಿಗೆ 800 ರೂಪಾಯಿಯಂತೆ ಎರಡು ವರ್ಷಕ್ಕೆ 19,200 ರೂಪಾಯಿ. ಇದು ಆಕೆಯ ಮನೆಯ ಒಂದು ವರ್ಷದ ದಿನಸಿ. ಅದಕ್ಕಿಂತಲೂ ಮುಖ್ಯವಾಗಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ದುಡಿಯುವ ವ್ಯಕ್ತಿ 18ರಿಂದ 59ರ ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದೇ ಕಂತಿನಲ್ಲಿ 20,000 ರೂಪಾಯಿ ಸಿಗುತ್ತದೆಂಬುದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ಮರಣ ಪ್ರಮಾಣಪತ್ರ ಕೊಡುವ ದಿನವೇ ಈ ಎರಡು ಸಾಲುಗಳನ್ನು ಒಂದು ಚೀಟಿಯಲ್ಲಿ ಮುದ್ರಿಸಿ ಜತೆಗೆ ಕೊಟ್ಟಿದ್ದರೆ ಆಗುತ್ತಿತ್ತು. ಗಂಡನಿಂದ ವಿಚ್ಛೇದಿತರಾದ ಅಥವಾ ಮದುವೆಯೇ ಆಗದ 40ರಿಂದ 64ರ ವಯಸ್ಸಿನ ಬಡ ಮಹಿಳೆಯರಿಗೆ ಮನಸ್ವಿನಿ ಎಂಬ ಯೋಜನೆ ಇರುವುದಂತೂ ನಮ್ಮ ಕಡೆ ಬಹುಮಂದಿಗೆ ಗೊತ್ತೇ ಇಲ್ಲ.

ವಯಸ್ಸಿನ ಪುರಾವೆಯೂ ಸುಲಭದ ವಿಷಯವಲ್ಲ. ಶಾಲೆಯ ಮುಖ ನೋಡದ ಹಿರಿಯರಿಗೆ ಆಧಾರ್ ಮಾಡಿಸುವಾಗ ಅಂದಾಜಿನ ಮೇಲೆ ಒಂದು ಇಸವಿ ಬರೆಸಲಾಗಿದೆ. ನಮ್ಮೂರಿನ ಎಷ್ಟೋ ಜನರ ಹುಟ್ಟಿದ ದಿನ ಜನವರಿ 1. ಹೀಗೆ ಬರೆದ ಅಂದಾಜು ಐದಾರು ವರ್ಷ ಕಡಿಮೆಯಾಗಿದ್ದರೆ ಪಿಂಚಣಿಯೂ ಅಷ್ಟೇ ವರ್ಷ ಮುಂದಕ್ಕೆ ಹೋಗುತ್ತದೆ. ವಯಸ್ಸನ್ನು ನಿರ್ಧರಿಸಲು ಆಧಾರ್ ತಕ್ಕ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಪರಿಹಾರದ ಪ್ರಕರಣವೊಂದರಲ್ಲಿ ಹೇಳಿದೆ. ಆದರೂ ಕಂಪ್ಯೂಟರಿನ ಪರದೆಯಲ್ಲಿ ಕಾಣುವುದು ಆಧಾರ್‌ನ ಇಸವಿಯೇ. ಅದನ್ನು ತಿದ್ದಿಸಲು ಅವಕಾಶವಿರುವುದು ಸಾಮಾನ್ಯವಾಗಿ ಒಮ್ಮೆ ಮಾತ್ರ. ಆದ್ದರಿಂದ ದಾಖಲೆ ಕೈಯಲ್ಲಿಲ್ಲದೆ ಅವಸರದಲ್ಲಿ ತಿದ್ದಿಸಲು ಹೋಗಬೇಡಿ ಎಂದು ಓದುಗರಲ್ಲಿ ಕೋರುತ್ತೇನೆ.

ಮಂಜೂರಾದ ಹಣ ‘ಬಂದಿಲ್ಲ’ ಎಂದು ದೂರುವವರು ಮೊದಲು ನೋಡಬೇಕಾದದ್ದು, ತಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಜೋಡಣೆ (ಮ್ಯಾಪಿಂಗ್) ಆಗಿದೆ ಎಂಬುದನ್ನು. ಆಧಾರ್ ಆಧಾರಿತ ಪಾವತಿಯ ಹಣ ಆ ಖಾತೆಗೇ ಹೋಗುತ್ತದೆ. ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದು ಮರೆತ ಖಾತೆಯಲ್ಲಿ ಹಲವು ತಿಂಗಳ ಹಣ ಕುಳಿತಿದ್ದದ್ದನ್ನು ನಾನೇ ಹುಡುಕಿಕೊಟ್ಟಿದ್ದೇನೆ.

ಇದನ್ನೆಲ್ಲ ದಯೆಯ ವಿಷಯವೆಂದು ಭಾವಿಸುವವರು ಕಚೇರಿಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ. ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳ ಸಂದರ್ಭದಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ. ಅದರ ಮೇಲೆಯೇ 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾಯಿತು. ಆಗ ಕೇಂದ್ರ ಕೊಡುತ್ತಿದ್ದುದು ತಿಂಗಳಿಗೆ 75 ರೂಪಾಯಿ. ಇಂದು 80ರ ಕೆಳಗಿನ ವೃದ್ಧರಿಗೆ ಕೇಂದ್ರದ ಪಾಲು 200 ರೂಪಾಯಿ, ಉಳಿದದ್ದನ್ನು ರಾಜ್ಯ ಭರಿಸುತ್ತದೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ನೀಡಿದ ಮಧ್ಯಂತರ ಆದೇಶವು ಈ ಪಿಂಚಣಿಯನ್ನೂ ಫಲಾನುಭವಿಯ ಹಕ್ಕಿನ ಸಾಲಿಗೆ ಸೇರಿಸಿತು. ಹಕ್ಕು ಎಂದ ಮೇಲೆ ಅದನ್ನು ನಿರಾಕರಿಸುವವರು ಕಾರಣವನ್ನು ಬರೆದು ಕೊಡಬೇಡವೇ?

ಬರೆದು ಕೊಡುವ ವ್ಯವಸ್ಥೆಯೂ ನಮ್ಮಲ್ಲಿ ಹೊಸದಾಗಿ ಆಗಬೇಕಾದದ್ದಲ್ಲ. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯ ಪ್ರಕಾರ ಅರ್ಜಿ ಸಲ್ಲಿಸಿದ ಕೂಡಲೇ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆಯಿರುವ ಸ್ವೀಕೃತಿ ಸಿಗಬೇಕು. ನಿಗದಿತ ಅವಧಿಯಲ್ಲಿ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರಾರ್ಥ ಮೊತ್ತವನ್ನೂ, ಮೇಲ್ಮನವಿಯ ಅವಕಾಶವನ್ನೂ ಆ ಕಾಯ್ದೆ ಕೊಟ್ಟಿದೆ. ಆದರೆ ಅರ್ಜಿಯನ್ನೇ ಸ್ವೀಕರಿಸದಿದ್ದರೆ ಸಂಖ್ಯೆ ಹುಟ್ಟುವುದಿಲ್ಲ, ಸಂಖ್ಯೆ ಇಲ್ಲದ ಮೇಲೆ ಅವಧಿಯಾಗಲಿ ಮೇಲ್ಮನವಿಯಾಗಲಿ ಇಲ್ಲ. ಒಂದು ಒಳ್ಳೆಯ ಕಾಯ್ದೆಯ ಫಲ ಬಡವರಿಗೆ ತಪ್ಪುತ್ತಿರುವುದು ಈ ಮೊದಲ ಹೆಜ್ಜೆಯಲ್ಲಿಯೇ. ಸಿಬ್ಬಂದಿಯ ಮೇಲಿನ ಹೊರೆ ನನಗೆ ತಿಳಿಯದ್ದಲ್ಲ. ನಾಲ್ಕು ಜನ ಮಾಡುವ ಕೆಲಸವನ್ನು ಒಬ್ಬರೇ ಮಾಡುವ ನಾಡಕಚೇರಿಗಳಿವೆ, ನಮ್ರವಾಗಿ ವಿವರಿಸಿ ಹೇಳುವ ನೌಕರರನ್ನೂ ಕಂಡಿದ್ದೇನೆ. ಆದರೂ ಅರ್ಹತೆಯನ್ನು ತೀರ್ಮಾನಿಸುವ ಅಧಿಕಾರ ಇರುವುದು ಅರ್ಜಿಯನ್ನು ಪರಿಶೀಲಿಸಿ ಸಹಿ ಹಾಕುವವರಿಗೆ, ಅರ್ಜಿ ತೆಗೆದುಕೊಳ್ಳುವವರಿಗಲ್ಲ.

ಆದ್ದರಿಂದ ಕಂದಾಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಯಾರೇ ಪಿಂಚಣಿ ಕೇಳಿ ಬಂದರೂ ಅವರ ಅರ್ಜಿಯನ್ನು ಸ್ವೀಕರಿಸಿ ಸಂಖ್ಯೆ ಕೊಡಬೇಕೆಂದು, ಅನರ್ಹರಾದರೆ ಯಾವ ಯೋಜನೆಯ ಯಾವ ಷರತ್ತಿಗೆ ಹೊಂದುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಹಿಂಬರಹವಾಗಿ ನೀಡಬೇಕೆಂದು ಎಲ್ಲ ತಹಶೀಲ್ದಾರರಿಗೆ ಸುತ್ತೋಲೆ ಹೊರಡಿಸಬೇಕು. ಪ್ರತಿ ಯೋಜನೆಯ ವಯಸ್ಸು, ಆದಾಯದ ಮಿತಿ, ಯಾರ ಆದಾಯ ಲೆಕ್ಕಕ್ಕೆ ಬರುತ್ತದೆ ಎಂಬ ವಿವರ, ಬೇಕಾದ ದಾಖಲೆ, ಇವಿಷ್ಟನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕು, ಓದು ಬಾರದವರಿಗಾಗಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿಸಬೇಕು. ಜಾಲತಾಣದಲ್ಲಿ ಎಲ್ಲ ಮಾಹಿತಿಯೂ ಇದೆ ಎಂಬ ಉತ್ತರವನ್ನು, ಮೊಬೈಲಿನಲ್ಲಿ ಬಂದ ಕರೆಯನ್ನು ಎತ್ತಲೂ ಮೊಮ್ಮಕ್ಕಳನ್ನು ಕೂಗುವ ಜನರಿಗೆ ಕೊಡಬಾರದು. ತಮ್ಮ ಪತ್ರಿಕೆಯೂ ವರ್ಷಕ್ಕೊಮ್ಮೆಯಾದರೂ ಈ ಅರ್ಹತೆಯ ವಿವರಗಳನ್ನು ಒಂದೇ ಪುಟದಲ್ಲಿ ಪ್ರಕಟಿಸಿದರೆ, ಆ ಪುಟವನ್ನು ನಮ್ಮೂರಿನ ಗ್ರಂಥಾಲಯದ ಬಾಗಿಲಿಗೆ ಅಂಟಿಸುವ ಕೆಲಸ ನನ್ನದು.

ಮೊದಲು ಹೇಳಿದ ದಂಪತಿಯ ಅರ್ಜಿಗಳನ್ನು ಈಗ ಸಲ್ಲಿಸಿದ್ದೇವೆ. ಎರಡನೇ ಬಾರಿ ಹೋದಾಗ ನಾನೂ ಜತೆಗಿದ್ದೆ; ‘ಬರುವುದಿಲ್ಲ ಎಂದಾದರೆ ಹಿಂಬರಹ ಕೊಡಿ’ ಎಂದು ಕೇಳಿದ ಮೇಲೆ ಅರ್ಜಿ ತೆಗೆದುಕೊಂಡರು. ಸ್ವೀಕೃತಿ ಚೀಟಿಗಳೆರಡನ್ನೂ ಅಜ್ಜಿ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋದರು. ಅವಧಿ ಮುಗಿಯುವ ದಿನವನ್ನು ನಾನು ನನ್ನ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಚೆ ನೌಕರ
ಚಿತ್ರದುರ್ಗ ಜಿಲ್ಲೆ